ಅಪ್ಪನ ಹೆಸರಿಗೆ ಓಗೊಟ್ಟವರು

ಸತ್ತವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುವುದು ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ. ನಾನು ಚಳ್ಳಕೆರೆ ತಾಲ್ಲೂಕು ಕಚೇರಿಯಲ್ಲಿ ಎರಡನೆಯ ಗುಮಾಸ್ತನಾಗಿದ್ದೆ. ಮೊಳಕಾಲ್ಮೂರು ಕಚೇರಿಯಲ್ಲಿ ಚುನಾವಣೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಆಷಾಢದಲ್ಲಿ ಪ್ಲೇಗಿಗೆ ತೀರಿಕೊಂಡರು. ಅವರ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ನನಗೆ ಮದುವೆಯಾಗಿರಲಿಲ್ಲ, ಅಕ್ಷರ ದುಂಡಗಿತ್ತು, ಮೇಲಿನವರಿಗೆ ಇಲ್ಲ ಎನ್ನುವ ಧೈರ್ಯವಂತೂ ಇರಲೇ ಇಲ್ಲ. ಹಾಗಾಗಿ ಎತ್ತಿನ ಗಾಡಿಯಲ್ಲಿ ಎರಡು ದಿನ ಕುಲುಕಾಡಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತೆ.

ಚುನಾವಣೆ ಎಂದರೆ ಈಗಿನವರು ಈಗಿನದನ್ನೇ ನೆನೆಸಿಕೊಳ್ಳುತ್ತಾರೆ. ಆಗ ಇದ್ದದ್ದು ಪ್ರಜಾಪ್ರತಿನಿಧಿ ಸಭೆ. ವರ್ಷಕ್ಕೊಮ್ಮೆ ದಸರೆ ಮುಗಿದೊಡನೆ ಮೈಸೂರಿನಲ್ಲಿ ಸೇರುತ್ತಿತ್ತು. ತಾಲ್ಲೂಕುಗಳಿಂದ ಆರಿಸಿ ಹೋದವರು ದಿವಾನರ ಮುಂದೆ ನಿಂತು ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದು, ದಿವಾನರು ಅದಕ್ಕೆ ಉತ್ತರ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಕಾನೂನು ಮಾಡುವುದಕ್ಕೆಂದು ಬೇರೊಂದು ಚಿಕ್ಕ ಸಭೆ ಆಗಷ್ಟೇ ಹುಟ್ಟಿತ್ತು. ಅದರಲ್ಲಿ ಹೆಚ್ಚಿನವರು ಸರ್ಕಾರವೇ ನೇಮಿಸಿದವರು. ಇಬ್ಬರನ್ನು ಮಾತ್ರ ನಮ್ಮ ಈ ದೊಡ್ಡ ಸಭೆಯವರು ತಮ್ಮೊಳಗಿಂದ ಆರಿಸಿ ಕಳಿಸುತ್ತಿದ್ದರು.

ಓಟು ಎಲ್ಲರಿಗೂ ಇರಲಿಲ್ಲ. ಗೊತ್ತುಮಾಡಿದ ಮಟ್ಟಕ್ಕಿಂತ ಹೆಚ್ಚು ಕಂದಾಯ ಕಟ್ಟುವ ರೈತನಿಗಿತ್ತು, ಪರೀಕ್ಷೆ ಪಾಸು ಮಾಡಿ ಪದವಿ ಪಡೆದವನಿಗಿತ್ತು. ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಮೊಹತರ್ಫಾ ಎಂಬ ತೆರಿಗೆಯಿತ್ತು; ಅದನ್ನು ಒಂದು ಮಟ್ಟಕ್ಕಿಂತ ಮೇಲೆ ಕಟ್ಟುವ ಕಸುಬುದಾರನಿಗೂ ಇತ್ತು. ಹೆಂಗಸರ ಮಾತು ಯಾರ ತಲೆಯಲ್ಲೂ ಇರಲಿಲ್ಲ. ಇಂಥವರ ಹೆಸರುಗಳನ್ನು ಪ್ರತಿ ತಾಲ್ಲೂಕಿನಲ್ಲೂ ಒಂದು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿದ್ದವನೇ ಓಟು ಹಾಕಬೇಕು, ಪಟ್ಟಿಯಲ್ಲಿದ್ದವನೇ ಸದಸ್ಯನಾಗಬೇಕು. ಪಟ್ಟಿ ಎಂದರೆ ಸಾಮಾನ್ಯ ಕಾಗದವಲ್ಲ ಎಂದು ನಾನು ಬೀಗುತ್ತಿದ್ದೆ.

ನಾನು ಹೋದಾಗ ಊರು ಖಾಲಿಯಾಗಿತ್ತು. ಪ್ಲೇಗಿನ ಇಲಿಗಳು ಸತ್ತು ಬಿದ್ದವೆಂದು ಜನರನ್ನೆಲ್ಲ ಹೊರಡಿಸಿ, ದೂರದ ಬಯಲಿನಲ್ಲಿ ಸೋಗೆ, ತಟ್ಟಿ ಕಟ್ಟಿದ ಗುಡಿಸಲುಗಳಲ್ಲಿ ಇಟ್ಟಿದ್ದರು. ಕಚೇರಿಯೂ ಊರಾಚೆ ಡೇರೆಯಲ್ಲಿತ್ತು. ನಾನು ಮೂರು ಪುಸ್ತಕ ಹರಡಿಕೊಂಡು ಕೂತೆ: ತೆರಿಗೆಯ ಖಾತೆ, ಹಿಂದಿನ ವರ್ಷದ ಮತದಾರರ ಪಟ್ಟಿ, ಮರಣದ ರಿಜಿಸ್ಟರು. ಎಡಗೈ ಬೆರಳು ಒಂದರ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ. ಸತ್ತವನು ಸಿಕ್ಕರೆ ಕೆಂಪು ಗೆರೆ, ಎದುರಿನ ಷರಾ ಕಲಮಿನಲ್ಲಿ ‘ಮೃತ’. ಮೂರನೆಯ ದಿನಕ್ಕೆ ಕೈ ತಾನಾಗಿ ಬರೆಯುತ್ತಿತ್ತು. ಸತ್ತವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲವಾದ್ದರಿಂದ ದುಃಖವೇನೂ ಆಗಲಿಲ್ಲ.

ಒಂದು ಹೆಸರಿನ ಹತ್ತಿರ ಬೆರಳು ನಿಂತಿತು. ನೇಕಾರರ ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಗ್ಗಗಳಿದ್ದ ಮನೆ ಅದು. ಖಾತೆಯಲ್ಲಿ ಬರೆದಿದ್ದ ವಯಸ್ಸನ್ನು ಲೆಕ್ಕ ಹಾಕಿದರೆ ಆ ಯಜಮಾನ ತೊಂಬತ್ತು ದಾಟಿರಬೇಕು. ಆದರೆ ಪ್ರತಿ ಚುನಾವಣೆಯಲ್ಲೂ ತಪ್ಪದೆ ಬಂದು ಓಟು ಹಾಕಿದ್ದ. ಅನುಮಾನ ಬಂದು ತಳವಾರನನ್ನು ಕರೆದುಕೊಂಡು ಗುಡಿಸಲುಗಳ ಕಡೆ ಹೊರಟೆ.

ಗುಡಿಸಲ ಮುಂದೆ ಐವತ್ತರ ಹತ್ತಿರದ ಒಬ್ಬರು ಕುಳಿತು ಸಿಕ್ಕುಗಟ್ಟಿದ ರೇಷ್ಮೆ ಎಳೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅವರ ತಮ್ಮ, ಇಪ್ಪತ್ತೈದು ವರ್ಷದವನು, ಬಿಡಿಸಿದ್ದನ್ನು ಸುತ್ತುತ್ತಿದ್ದ. ಬಾಗಿಲಲ್ಲಿ ಅವರ ತಾಯಿ. ನಾನು ಹೆಸರು ಹೇಳಿ, “ಇವರು ಇದ್ದಾರೆಯೇ?” ಎಂದು ಕೇಳಿದೆ.

“ಅದು ನಮ್ಮ ನಾಯನ ಹೆಸ್ರು ಸ್ವಾಮಿ, ನಮ್ಮಪ್ಪ,” ಎಂದರು ಅಣ್ಣ. “ಅವ್ರು ಹೋಗಿ ಹನ್ನೊಂದು ವರ್ಸ ಆತು.”

“ಮತ್ತೆ ಓಟು?”

“ನಾನೇ ಹೋಗ್ತೀನಿ. ಹೆಸ್ರು ಕೂಗ್ತಾರೆ, ಇದೀನಿ ಅಂತೀನಿ. ಹಿಂದ್ಲ ಅಮಲ್ದಾರ್ರಿಗೂ ಗೊತ್ತಿತ್ತು, ತೀರ್ಕಂಡ್ರಲ್ಲ, ಆ ಗುಮಾಸ್ತರಿಗೂ ಗೊತ್ತಿತ್ತು. ಅದು ನಮ್ಮ ಮನಿ ಹೆಸ್ರು.” ಅವರ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. ಕದ್ದವನ ಮುಖ ಹಾಗಿರುವುದಿಲ್ಲ.

ಖಾತೆ ಏಕೆ ಬದಲಾಯಿಸಲಿಲ್ಲ ಎಂದು ಕೇಳಿದ್ದಕ್ಕೆ ಅವರು ತಾಯಿಯ ಕಡೆ ನೋಡಿದರು. ಆ ಕೇರಿಯಲ್ಲಿ ಅದೊಂದು ನಡಾವಳಿಯೇ ಆಗಿತ್ತು. ಹಿರಿಯ ಸತ್ತರೂ ಮಗ್ಗಗಳು ಅವನ ಹೆಸರಿನಲ್ಲೇ ಇರುತ್ತಿದ್ದವು. ಒಬ್ಬ ಮಗನ ಹೆಸರು ಬರೆಸಿದರೆ ಇನ್ನೊಬ್ಬ ನನ್ನದೇನು ಎನ್ನುತ್ತಾನೆ. ಇಬ್ಬರದೂ ಬರೆಸಿದರೆ ಮಗ್ಗ ಪಾಲಾಗುತ್ತವೆ. ಪಾಲಾದರೆ ತೆರಿಗೆಯೂ ಒಡೆದು, ಎರಡು ಮನೆಯಲ್ಲಿ ಒಂದಕ್ಕೂ ಓಟು ಉಳಿಯುವುದಿಲ್ಲ. ಮುದುಕಿಗೆ ಓಟಿನ ಚಿಂತೆ ಇರಲಿಲ್ಲ. ಒಲೆ ಎರಡಾಗುವುದೇ ಅವಳ ಭಯ.

“ನಾನೇನೂ ಪಾಲು ಕೇಳಂಗಿಲ್ಲ ಸ್ವಾಮಿ,” ಎಂದು ತಮ್ಮ ನಕ್ಕ. “ಅಮ್ಮಂಗೆ ನಂಬ್ಕೆ ಇಲ್ಲ. ನನ್ ಮದ್ವಿ ಆದ್ರೆ ಬರೋಳು ಕೇಳ್ಸ್ತಾಳಂತೆ. ಅದ್ಕೇ ನನಗಿನ್ನೂ ಹೆಣ್ಣೇ ಹುಡ್ಕಿಲ್ಲ.”

ಮುದುಕಿ ತೆಲುಗಿನಲ್ಲಿ ಅವನನ್ನು ಗದರಿ, ನನಗೊಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಬಿಸಿಲು ಜೋರಾಗಿತ್ತು, ಕುಡಿದೆ.

ಆ ವರ್ಷ ಅಣ್ಣನೇ ಸದಸ್ಯರಾಗಲು ಹೊರಟಿದ್ದಾರೆಂದು ಮಜ್ಜಿಗೆ ಕುಡಿಯುವಾಗ ತಿಳಿಯಿತು. ಓಟಿದ್ದ ನೇಕಾರರು, ಕೆಲವು ಅಂಗಡಿಯವರು, ಗಡಿಯ ಹಳ್ಳಿಗಳ ನಾಲ್ಕೈದು ಜನ ರೈತರು ಒಪ್ಪಿದ್ದರಂತೆ. ಮೈಸೂರಿಗೆ ಹೋಗಿ ಅವರು ಹೇಳಬೇಕೆಂದಿದ್ದ ಮಾತು ಒಂದೇ.

“ಊರು ಬಿಡ್ರಿ ಅಂತ ಬೆಳಿಗ್ಗೆ ಡಂಗುರ ಹೊಡಿಸ್ತಾರೆ, ಸಂಜಿಗೆ ಬಿಡ್ಬೇಕು,” ಎಂದು ಸಿಕ್ಕಿನ ಎಳೆ ಎತ್ತಿ ತೋರಿಸಿದರು. “ಮರುದಿನ ಪ್ಲೇಗಿನೋರು ಬಂದು ಮನಿಯೆಲ್ಲ ಔಷಧಿ ನೀರು ಹೊಡೀತಾರೆ. ಹೊಡೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರೆ ಮಗ್ಗದ ಮ್ಯಾಲೆ ಹಾಸು ಇರ್ತೈತಲ್ಲ, ಉದ್ದಕ್ಕೆ ಬಿಗಿದ ಎಳೆ, ಅರ್ಧ ನೇಯ್ದಿದ್ದು. ಆ ನೀರು ಬಿದ್ರೆ ಬಣ್ಣ ಇಳೀತೈತೆ, ಜರಿ ಕರ್ರಗಾಗ್ತೈತೆ. ಕುಣಿ ತೋಡಿ ಹೂಡಿರೋ ಮಗ್ಗ, ಎತ್ಕಂಡು ಬರಾಕಾಗಲ್ಲ. ಹಾಸು ಬಿಚ್ಚಿ ಇಳ್ಸಾಕೆ ಎರಡು ದಿನ ಬೇಕು. ಆ ಎರಡು ದಿನ ಕೊಡ್ರಿ ಅಂತ ದಿವಾನ್ರಿಗೆ ಕೇಳ್ತೀನಿ. ಅಷ್ಟೇ ಸ್ವಾಮಿ.”

“ಕೊಡ್ಲಿಲ್ಲ ಅಂದ್ರೆ ಇವ್ನು ಹಾಸು ಇಳ್ಸಾಕೆ ಊರೊಳಕ್ಕೆ ಕದ್ದು ಹೋಗ್ತಾನೆ,” ಎಂದು ತಾಯಿ ಕಿರಿಯವನ ಕಡೆ ಕೈ ತೋರಿಸಿದಳು. “ಈ ಸಲ ಕಾಲು ಹಿಡ್ದು ಕೂರ್ಸಿದೀನಿ.”

ನಾನು ಡೇರೆಗೆ ಹಿಂತಿರುಗಿ ನನ್ನ ಮೇಲಧಿಕಾರಿ ಅಮಲ್ದಾರರಿಗೆ ವರದಿ ಒಪ್ಪಿಸಿದೆ. ಅವರು ಆ ತಾಲ್ಲೂಕಿಗೆ ಹೊಸಬರು, ನಿದ್ದೆಗೆಟ್ಟು ಸೊರಗಿದ್ದರು. “ನೀನು ನೋಡದೇ ಇದ್ದಿದ್ದರೆ ನಾನೂ ನೋಡುತ್ತಿರಲಿಲ್ಲ ಕಣಯ್ಯಾ,” ಎಂದರು. “ನೋಡಿದ ಮೇಲೆ ಬಿಡುವ ಹಾಗಿಲ್ಲ. ಹೆಸರು ತೆಗೆ. ವಾರಸುದಾರ ಅರ್ಜಿ ಕೊಟ್ಟರೆ ಖಾತೆ ಬದಲಾಯಿಸಿ ಅವನನ್ನೇ ಸೇರಿಸೋಣ. ನೋಟೀಸು ಹಾಕಿದ ಮೇಲೆ ಎರಡು ವಾರ ಟೈಮಿದೆಯಲ್ಲ.”

ಅಂದರೆ ಬಾಗಿಲು ಮುಚ್ಚಿರಲಿಲ್ಲ. ಒಂದು ಅರ್ಜಿ, ತಾಯಿಯ ಒಪ್ಪಿಗೆಯ ಹೆಬ್ಬೆಟ್ಟು, ತಮ್ಮನ ರುಜು. ಒಂದು ಬೆಳಗಿನ ಕೆಲಸ. ಆ ಮನೆಯವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಕೆಂಪು ಗೆರೆ ಎಳೆದೆ. ಕರಡು ಪಟ್ಟಿಯ ನಕಲು ಮಾಡಿಕೊಂಡು, ಮರುದಿನ ತಳವಾರನ ಕೈಗೆ ಅಂಟಿನ ಕುಡಿಕೆ ಕೊಟ್ಟು ಊರೊಳಕ್ಕೆ ಹೋದೆ. ಬೀದಿಗಳಲ್ಲಿ ಹುಲ್ಲು ಎದ್ದಿತ್ತು. ಹೆಂಚು ಬಿಚ್ಚಿದ ಮನೆಗಳು, ಬಾಗಿಲಿಗೆ ಸುಣ್ಣದಲ್ಲಿ ಬಳಿದ ಗುರುತುಗಳು. ಚಾವಡಿಯ ಗೋಡೆಯ ಮುಂದೆ ನಿಂತು ತಳವಾರ ಕೈ ಹಿಂದೆಗೆದ.

“ಸ್ವಾಮಿ, ಇಲ್ಲಿ ಯಾರು ಓದ್ತಾರ್ರಿ? ಗುಡಿಸ್ಲ ಹತ್ರ ಬೇವಿನ ಮರ ಐತೆ. ಅದಕ್ಕೊಂದು ಹಚ್ಚನ. ಇಲ್ಲಾಂದ್ರೆ ನಾನೇ ಕೂಗಿ ಹೇಳ್ತೀನಿ.”

ಆ ಕ್ಷಣ ನನಗೆ ಇಂದಿಗೂ ಹಾಗೆಯೇ ನೆನಪಿದೆ. ನಿಯಮದಲ್ಲಿ ‘ಊರಿನ ಚಾವಡಿಯಲ್ಲಿ’ ಎಂದಿತ್ತು. ಬೇವಿನ ಮರ ಎಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ಹಿರಿಯ ಮಗ ಈಗ ಬರಿಯ ಮತದಾರರಲ್ಲ, ಸದಸ್ಯರಾಗಲು ನಿಂತವರು. ಪಟ್ಟಿ ಮಾಡುವ ನಾನು ಹೋಗಿ ಹೀಗೆ ಮಾಡಿ, ಹಾಗೆ ಮಾಡಿ ಎಂದರೆ ಪಕ್ಷಪಾತವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಜ್ಜಿಗೆ ಬೇರೆ ಕುಡಿದಿದ್ದೆ. ಮಜ್ಜಿಗೆಯ ಋಣಕ್ಕೆ ಕಾನೂನು ಸಡಿಲಿಸಿದ ಎನ್ನಿಸಿಕೊಳ್ಳಬಾರದೆಂಬ ಹಟ. ಪ್ರಾಮಾಣಿಕತೆ ಎಂದು ಅದನ್ನು ಕರೆದೆ. ಈಗ ಕೇಳಿದರೆ ಹೆದರಿಕೆ ಎನ್ನುತ್ತೇನೆ, ಜೊತೆಗೆ ಒಂದಿಷ್ಟು ಕೊಬ್ಬು.

“ಚಾವಡಿ ಅಂತ ಇದೆ, ಚಾವಡಿಗೆ ಅಂಟಿಸು,” ಎಂದೆ.

ಅಂಟಿಸಿದ. ನೋಟೀಸು ಪ್ರಕಟವಾಯಿತೆಂದು ಅಲ್ಲೇ ಮಹಜರು ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಎರಡು ವಾರ ಕಳೆದವು. ತಕರಾರು ಅರ್ಜಿ ಒಂದೂ ಬರಲಿಲ್ಲ. ‘ತಕರಾರು ಇಲ್ಲ’ ಎಂದು ಷರಾ ಬರೆದು ಪಟ್ಟಿಯನ್ನು ಖಾಯಂ ಮಾಡಿದೆವು.

ಭಾದ್ರಪದದಲ್ಲಿ ಬೇನೆ ಇಳಿದು ಜನ ಊರಿಗೆ ಮರಳಿದರು. ಕಚೇರಿಯೂ ಸ್ವಸ್ಥಾನಕ್ಕೆ ಬಂತು. ಚುನಾವಣೆಯ ದಿನ ಅಮಲ್ದಾರರು ಮೇಜಿನ ಹಿಂದೆ ಕೂತರು, ನಾನು ಪಕ್ಕದಲ್ಲಿ ನಿಂತು ಪಟ್ಟಿ ಓದಿದೆ. ಕ್ರಮ ಹೀಗಿತ್ತು: ಹೆಸರು ಕೂಗಬೇಕು, ಆ ಹೆಸರಿನವರು ಮುಂದೆ ಬಂದು ತಮಗೆ ಬೇಕಾದವರು ಯಾರೆಂದು ಎಲ್ಲರೆದುರೇ ಹೇಳಬೇಕು, ಅದನ್ನು ಎದುರಿನ ಕಲಮಿನಲ್ಲಿ ಬರೆದುಕೊಳ್ಳಬೇಕು.

ಆ ಮನೆಯ ಹಿರಿಯ ಮಗ ಒಗೆದ ಪಂಚೆ, ಹೊಸ ರುಮಾಲಿನಲ್ಲಿ ಬಂದು ನಿಂತಿದ್ದರು. ಹಿಂದೆ ಅವರ ತಮ್ಮ, ಅವನ ಹಿಂದೆ ಕೇರಿಯ ಜನ. ಅಪ್ಪನ ಹೆಸರು ಯಾವ ಹೆಸರಾದ ಮೇಲೆ ಬರುತ್ತದೆಂದು ಅವರಿಗೆ ಬಾಯಿಪಾಠವಾಗಿತ್ತು. ಹಿಂದಿನ ಹೆಸರು ಕೂಗಿದೊಡನೆ ಒಂದು ಹೆಜ್ಜೆ ಮುಂದಿಟ್ಟರು. ನಾನು ಅದರ ಮುಂದಿನದನ್ನು ಓದಿದೆ.

“ಒಂದು ಹೆಸ್ರು ಬಿಟ್ರಿ ಸ್ವಾಮಿ,” ಎಂದರು ಮೆಲ್ಲಗೆ, ನನ್ನ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬಾರದೆಂಬಂತೆ.

“ಬಿಟ್ಟಿಲ್ಲ, ತೆಗೆದಿದೆ,” ಎಂದೆ.

ಅಮಲ್ದಾರರು ಕಾರಣ ವಿವರಿಸಿದರು. ತಕರಾರು ಹೇಳಲು ಎರಡು ವಾರ ಕೊಟ್ಟಿದ್ದೆವು, ನೋಟೀಸು ಅಂಟಿಸಿದ್ದೆವು ಎಂದರು.

“ಎಲ್ಲಿ ಅಂಟ್ಸಿದ್ರಿ?”

“ಚಾವಡಿ ಗೋಡೆಗೆ.”

“ಆಗ ಊರಾಗೆ ನಾಯಿನೂ ಇರ್ಲಿಲ್ವಲ್ರಿ,” ಎಂದು ಹಿಂದಿನಿಂದ ಯಾರೋ ಕೂಗಿದರು. ಹಿರಿಯ ಮಗ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಆಮೇಲೆ ನನ್ನ ಮುಖ ನೋಡಿ, “ನೀವು ನಮ್ ಗುಡಿಸ್ಲಿಗೆ ಬಂದಿದ್ರಿ, ಅಲ್ವಾ?” ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜಕ್ಕೂ ನೆನಪು ಸರಿಯೇ ಎಂದು ಕೇಳುತ್ತಿದ್ದರು. ನಾನು ಪಟ್ಟಿಯ ಮುಂದಿನ ಹೆಸರು ಕೂಗಿದೆ.

ಪಟ್ಟಿಯಲ್ಲಿಲ್ಲದವರನ್ನು ಆರಿಸುವಂತಿರಲಿಲ್ಲ, ಆ ಕೇರಿಯ ಓಟುಗಳು ಚದುರಿಹೋದವು. ಆರಿಸಿ ಬಂದವರು ಒಬ್ಬ ಜಮೀನುದಾರರು, ಕೆಟ್ಟವರಲ್ಲ. ಹಿರಿಯ ಮಗ ತಾವು ಹೇಳಬೇಕಿದ್ದ ಮಾತನ್ನು ಒಂದು ಕಾಗದದಲ್ಲಿ ಬರೆಸಿ ಅವರ ಕೈಗೆ ಕೊಟ್ಟರು. ಬರೆದುಕೊಟ್ಟವನು ನಾನೇ. ಬೇರೆ ಯಾರೂ ಇಷ್ಟು ದುಂಡಗೆ ಬರೆಯುವುದಿಲ್ಲವೆಂದು ನನ್ನ ಹತ್ತಿರವೇ ಬಂದರು. ಆ ಮನುಷ್ಯನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನನ್ನನ್ನು ಅದೇ ಹೆಚ್ಚು ನೋಯಿಸಿತು.

ದಸರೆ ಮುಗಿಸಿ ಜಮೀನುದಾರರು ಹಿಂತಿರುಗಿದ ದಿನ ಕೇಳಿದೆ. “ಅಯ್ಯೋ ರಾಯರೇ, ವಿಷಯ ಏನಿದ್ರೂ ಮೊದ್ಲೇ ಬರ್ದು ಕಳಿಸ್ಬೇಕಂತೆ. ನಮ್ ಜಿಲ್ಲೆ ಸರದಿ ಬಂದಾಗ ನಾನು ಕೆರೆ ತೂಬಿನ ಮಾತು ಎತ್ತಿದೆ, ಅಷ್ಟರಾಗೆ ಟೈಮು ಆತು ಅಂದ್ರು. ಬರೋ ವರ್ಸ ನೋಡನ ಬಿಡ್ರಿ,” ಎಂದರು. ಕಾಗದ ಅವರ ಕೋಟಿನ ಜೇಬಿನಲ್ಲೇ ಇತ್ತು. ಮಡಿಕೆಗಳಲ್ಲಿ ಸವೆದಿತ್ತು, ತೆರೆದು ಓದಿದ ಗುರುತಿರಲಿಲ್ಲ.

ಬರುವ ವರ್ಷದವರೆಗೆ ಇಲಿಗಳು ಕಾಯಲಿಲ್ಲ. ಕಾರ್ತಿಕದಲ್ಲಿ ಮತ್ತೆ ಬಿದ್ದವು. ಬೆಳಿಗ್ಗೆ ಡಂಗುರ, ಸಂಜೆಗೆ ಊರು ಖಾಲಿ. ಆ ಮನೆಯ ಮಗ್ಗಗಳ ಮೇಲೆ ಮದುವೆ ಸೀರೆಗಳ ಹಾಸು ಇತ್ತಂತೆ. ಮರುದಿನ, ಔಷಧಿ ಹೊಡೆಯುವವರು ಆ ಕೇರಿಗೆ ಬರುವ ಮೊದಲು, ತಾಯಿ ನೀರಿಗೆ ಹೋದಾಗ ಕಿರಿಯವನು ಕಾವಲಿನವರ ಕಣ್ಣು ತಪ್ಪಿಸಿ ಊರೊಳಗೆ ಹೋದ. ಮುಚ್ಚಿದ ಮನೆಯಲ್ಲಿ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಎರಡು ದಿನದ ಕೆಲಸವನ್ನು ಒಂದು ಹಗಲಿನಲ್ಲಿ ಮುಗಿಸಲು ನೋಡಿದ. ಹಾಸು ಇಳಿಸಿದ. ಒಂದು ಎಳೆಯೂ ಕಡಿಯದಂತೆ ಸುತ್ತಿ, ಹೆಗಲ ಮೇಲೆ ಹೊತ್ತು ತಂದ. ನಾಲ್ಕನೆಯ ದಿನ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಆರನೆಯ ದಿನ ಮರಣದ ರಿಜಿಸ್ಟರಿನಲ್ಲಿ ಅವನ ಹೆಸರನ್ನು ನಾನು ಬರೆದೆ. ಆ ಪುಸ್ತಕದಲ್ಲಿ ನನಗೆ ಮುಖ ಗೊತ್ತಿದ್ದ ಮೊದಲನೆಯವನು ಅವನು. ಬರೆಯುವಾಗ ಅಕ್ಷರ ಕೆಟ್ಟಿತು.

ತಿಂಗಳು ಕಳೆದ ಮೇಲೆ ತಾಯಿ, ಮಗ ಇಬ್ಬರೂ ಕಚೇರಿಗೆ ಬಂದರು. ಮಗ ಬಾಗಿಲ ಹತ್ತಿರವೇ ನಿಂತರು. ಮುದುಕಿ ಮೇಜಿನವರೆಗೆ ನಡೆದು ಬಂದಳು.

“ಇಪ್ಪುಡು ರಾಯಿ ನಾಯನಾ,” ಎಂದಳು ತೆಲುಗಿನಲ್ಲಿ. ನನಗೆ ತಿಳಿಯಲಿಲ್ಲವೆಂದುಕೊಂಡು ಮತ್ತೆ ಕನ್ನಡದಲ್ಲಿ ಹೇಳಿದಳು. “ಈಗ ಬರಿಯಪ್ಪ. ಮಗ್ಗ ಎಲ್ಲಾ ದೊಡ್ಡೋನ ಹೆಸ್ರಿಗೆ ಬರಿ. ಇನ್ನ ಪಾಲು ಕೇಳೋರು ಯಾರವ್ರೆ?”

ಖಾತೆ ಬದಲಾವಣೆಯ ಅರ್ಜಿ ನಮೂನೆ ತೆಗೆದೆ. ಒಂದು ಬೆಳಗಿನ ಕೆಲಸ ಎಂದಿದ್ದೆನಲ್ಲ, ಅಷ್ಟೂ ಹಿಡಿಯಲಿಲ್ಲ. ಹಳೆಯ ಖಾತೆದಾರ, ಹೊಸ ಖಾತೆದಾರ, ಸಂಬಂಧ. ಕೆಳಗೊಂದು ಕಲಮು: ‘ಇತರ ಹಕ್ಕುದಾರರು ಇದ್ದರೆ ಅವರ ಒಪ್ಪಿಗೆ.’ ಅದರೆದುರು ‘ಯಾರೂ ಇಲ್ಲ’ ಎಂದು ಬರೆದೆ. ಮುದುಕಿಯ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಅದ್ದಿ ಒತ್ತಿಸಿದೆ. ರೇಷ್ಮೆ ಎಳೆ ಹೊಸೆದು ಹೊಸೆದು ಆ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಕಾಗದದ ಮೇಲೆ ಬರಿಯ ಒಂದು ಕಪ್ಪು ಮಚ್ಚೆ ಮೂಡಿತು.

ನೋಟೀಸನ್ನು ಚಾವಡಿಗೆ ಅಂಟಿಸಬಾರದಿತ್ತು ಎಂದು ಅವರಿಗೆ ಹೇಳಿ ಕೈಮುಗಿಯಬೇಕೆಂದು ಅಂದುಕೊಂಡಿದ್ದೆ. ಅದನ್ನು ಬಿಟ್ಟು ಅರ್ಜಿಗೆ ಮೊಹರು ಒತ್ತಿದೆ. ಆ ಸಲ ದಿವಾನರನ್ನು ಕೇಳಿದ್ದರೂ ಅವರು ಎರಡು ದಿನ ಕೊಡುತ್ತಿದ್ದರೆಂದು ಏನು ಖಾತ್ರಿ ಎಂದು ನನ್ನನ್ನು ಸಮಾಧಾನಪಡಿಸಿದವರುಂಟು. ಇರಬಹುದು. ಆದರೆ ಕೇಳುವವನ ಬಾಯಿ ಮುಚ್ಚಿದ್ದು ದಿವಾನರಲ್ಲ, ನಾನು.

ಮರುವರ್ಷ ಪಟ್ಟಿಯನ್ನು ಚಾವಡಿಗೂ ಅಂಟಿಸಿದೆ, ಬೇವಿನ ಮರಕ್ಕೂ ಅಂಟಿಸಿದೆ, ಕೇರಿ ಕೇರಿಗೆ ತಳವಾರನನ್ನು ಕಳಿಸಿ ಕೂಗಿಸಿದೆ. ನಿಯಮದಲ್ಲಿ ಹಾಗೆಲ್ಲ ಮಾಡಬಾರದೆಂದು ಎಲ್ಲೂ ಬರೆದಿರಲಿಲ್ಲ; ಮೊದಲೂ ಬರೆದಿರಲಿಲ್ಲ. ಚುನಾವಣೆಯ ದಿನ ಆ ಮನೆಯ ಹಿರಿಯ ಮಗ ಬಂದಿದ್ದರು. ಅದೇ ಪಂಚೆ, ತಲೆಗೆ ಹಳೆಯ ರುಮಾಲು. ಅಪ್ಪನ ಹೆಸರಿದ್ದ ಜಾಗದಲ್ಲಿ ಈಗ ಅವರ ಹೆಸರಿತ್ತು. ಕೂಗಿದೆ. ಅವರು ಅಲುಗಲಿಲ್ಲ. ಎರಡನೆಯ ಸಲ ಕೂಗಿದಾಗ ಪಕ್ಕದವರು ಮುಟ್ಟಿ, “ನಿನ್ನೇ ಕಣಪ್ಪಾ,” ಎಂದರು.

ಮೇಜಿನ ಮುಂದೆ ಬಂದು ನಿಂತರು. ಕೇರಿಯವರು ಈ ಸಲವೂ ಅವರನ್ನೇ ನಿಲ್ಲಿಸಬೇಕೆಂದು ಮಾತಾಡಿಕೊಂಡಿದ್ದರೆಂದು ನನಗೆ ಗೊತ್ತಿತ್ತು. ಲೇಖನಿ ಅದ್ದಿಕೊಂಡು, “ಯಾರು ಎಂದು ಬರೆದುಕೊಳ್ಳಲಿ ಯಜಮಾನರೇ?” ಎಂದು ಕೇಳಿದೆ.

“ನಾನು ಹೇಳ್ಬೇಕಿದ್ದ ಮಾತು ಹೋದ ವರ್ಸದ್ದು ಸ್ವಾಮಿ,” ಎಂದರು. “ಈಗ ಯಾರ್ನಾದ್ರೂ ಬರ್ಕಳ್ರಿ.”

ಯಾರನ್ನಾದರೂ ಎಂದು ಬರೆಯಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವವರೆಗೂ ಮುಂದಿನ ಹೆಸರನ್ನು ಕೂಗಲಿಲ್ಲ. ಅವರ ಹೆಸರಿನ ಎದುರಿನ ಕಲಮು ಇವತ್ತಿಗೂ ಖಾಲಿಯೇ ಇರಬೇಕು.